ಬಾನೆಟ್ಟಿನ ಮೇಲಿನ ಬಟ್ಟಲು

ಕಾಯುವುದೇ ಈ ಕೆಲಸದ ಮುಕ್ಕಾಲು ಪಾಲು ಎಂದು ಹೈದರಾಬಾದಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಹೊಸದಾಗಿ ಬಣ್ಣ ಹೊಡೆದ ಕಾರನ್ನು ಬಿಸಿಗಾಳಿಯ ಕೋಣೆಯಲ್ಲಿ ನಿಲ್ಲಿಸಿ ಬೇಯಿಸುತ್ತಿದ್ದರು. ಮರುವಾರ ಅದು ನಮ್ಮ ಕೈಗೆ ಬರುತ್ತಿತ್ತು, ನಾವು ಫಿಲ್ಮು ಅಂಟಿಸಿ ಕಳಿಸುತ್ತಿದ್ದೆವು. ಶಹಾಪುರದಲ್ಲಿ ಅಂಥ ಕೋಣೆಯಿಲ್ಲ. ಇಲ್ಲಿರುವುದು ಬಿಸಿಲು. ಜುಲೈನಲ್ಲಿ ಅದೂ ಇಲ್ಲ. ಮಳೆ ಬರುವುದಿಲ್ಲ, ಮೋಡ ಹೋಗುವುದಿಲ್ಲ, ಹತ್ತಿ ಗೋದಾಮಿನ ತಗಡಿನ ಮೇಲೆ ಬೂದು ಆಕಾಶ ದಿನವಿಡೀ ಕೂತೇ ಇರುತ್ತದೆ. ಮಲಗಿದ ಮನುಷ್ಯನಂತೆ ಕಾಣುವ ಊರಾಚೆಯ ಗುಡ್ಡವಂತೂ ಮೊದಲಿನಿಂದಲೂ ಹಾಗೆಯೇ ಇದೆ.

ನಾನು ಅಂಟಿಸುವ ಫಿಲ್ಮು ಎಂದರೆ ನೀರಿನ ಬಣ್ಣದ, ಬೆರಳಿಗೆ ತುಸು ದಪ್ಪ ಅನಿಸುವ ಹಾಳೆ. ಕಾರಿನ ಮೈಮೇಲೆ ಅದೊಂದಿದ್ದರೆ ಕಲ್ಲು ಸಿಡಿದರೂ ಗೀರು ಬೀಳುವುದು ಹಾಳೆಗೆ, ಬಣ್ಣ ಉಳಿಯುತ್ತದೆ. ಆದರೆ ಹೊಸ ಬಣ್ಣದೊಳಗೆ ಅದನ್ನು ತೆಳು ಮಾಡಲು ಬೆರೆಸಿದ ತಿನ್ನರ್ ಇರುತ್ತದೆ. ಮೇಲೆ ಒಣಗಿದಂತೆ ಕಂಡರೂ ಅದು ವಾರಗಟ್ಟಲೆ ಸಣ್ಣಗೆ ಆವಿಯಾಗಿ ಹೊರಗೆ ಹೋಗುತ್ತಿರುತ್ತದೆ. ಹೋಗಿ ಮುಗಿಯುವ ಮೊದಲೇ ಹಾಳೆ ಮುಚ್ಚಿದರೆ ಒಳಗೆ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಆಮೇಲೆ ಹಾಳೆ ಕಿತ್ತರೆ ಬಣ್ಣವೂ ಅದರ ಜೊತೆಗೇ ಬರುತ್ತದೆ. ಅದಕ್ಕೇ ನಲವತ್ತು ದಿನ. ನಲವತ್ತು ದಿನ ಕಾರು ಸುಮ್ಮನೆ ನಿಲ್ಲಬೇಕು. ಅದರ ಜೊತೆ ನಾನೂ.

ಈ ಸಲ ನಿಂತಿದ್ದು ಅಖ್ತರಬೇಗಂ ಅವರ ಕಡುನೀಲಿ ಕಾರು. ಸುರಪುರದ ಉರ್ದು ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ, ಊರಿಗೆಲ್ಲ ಆಪಾ, ಅಂದರೆ ಅಕ್ಕ. ಮೂವತ್ತೈದು ವರ್ಷ ಬಸ್ಸು, ಟಂಟಂ, ಯಾರದೋ ಸ್ಕೂಟರಿನ ಹಿಂದಿನ ಸೀಟು ಎಂದು ಶಾಲೆಗೆ ಹೋದವರು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಹೈದರಾಬಾದಿನಿಂದ ಹಳೆಯದೊಂದು ಕಾರು ತರಿಸಿದ್ದರು. ಜುಲೈ ಮೂವತ್ತೊಂದಕ್ಕೆ ಅವರ ನೌಕರಿ ಮುಗಿಯುತ್ತಿತ್ತು. ಆ ಒಂದು ದಿನ ತಾವೇ ಕಾರು ಓಡಿಸಿಕೊಂಡು ಶಾಲೆಯ ಗೇಟಿನೊಳಗೆ ಹೋಗಬೇಕೆಂಬುದು ಅವರ ಆಸೆ.

ಕಾರು ಬಂದು ಹದಿನೈದು ದಿನಕ್ಕೆ, ಬಕ್ರೀದಿಗೆಂದು ಅಂಗಳದಲ್ಲಿ ಕಟ್ಟಿದ್ದ ಮೂರು ಆಡುಗಳು ಹಗ್ಗ ಬಿಡಿಸಿಕೊಂಡು ಬಾನೆಟ್ಟು ಹತ್ತಿ, ಅಲ್ಲಿಂದ ಟಾಪು ಹತ್ತಿ, ಒಂದು ಮಧ್ಯಾಹ್ನವಿಡೀ ಅಲ್ಲೇ ನಿಂತಿದ್ದವು. ಇಳಿದ ಮೇಲೆ ನಾಲ್ಕೂ ಬಾಗಿಲಿಗೆ ಕೊಂಬು ಉಜ್ಜಿದ್ದವು.

"ಆಡು ಯಾರವ್ರಿ?" ಎಂದು ಕಾರು ಶೆಡ್ಡಿಗೆ ಬಂದಾಗ ನಮ್ಮಪ್ಪ ಕೇಳಿದ್ದ.

"ನಮ್ಮ ತಮ್ಮನವೇ."

"ಏನರ ಅಂದ್ರಿಲ್ಲ ಅವಕ್ಕ?"

"ಏನಂತ ಅನ್ನೋದು ಮಾನಪ್ಪಾ? ಹಬ್ಬ ಆತಲ್ಲ."

ಅಪ್ಪನಿಗೆ ಅರವತ್ತನಾಲ್ಕು. ಶಹಾಪುರದಲ್ಲಿ ಪೇಂಟರ್ ಮಾನಪ್ಪ ಎಂದರೆ ಒಂದು ಕಾಲಕ್ಕೆ ಲಾರಿಯವರು ಸಾಲು ನಿಲ್ಲುತ್ತಿದ್ದರು. ಗೋದಾಮಿನ ಹಿಂದೆ ಅವನದೊಂದು ಶೆಡ್ಡು: ಮೂರು ಕಡೆ ತಗಡು, ಒಂದು ಕಡೆ ತಾಡಪತ್ರಿ, ನಡುವೆ ನನ್ನಷ್ಟೇ ವಯಸ್ಸಿನ ಕಂಪ್ರೆಸರ್. ನನ್ನ ಅಂಗಡಿ ಅಲ್ಲಿಂದ ಐದು ನಿಮಿಷದ ದಾರಿ, ಸುರಪುರ ರಸ್ತೆಯ ಮೇಲೆ. ಅಪ್ಪ ಬಣ್ಣ ಹೊಡೆಯುತ್ತಾನೆ, ಮಗ ಅದರ ಮೇಲೆ ಹಾಳೆ ಅಂಟಿಸುತ್ತಾನೆ. ಊರಿನವರಿಗೆ ಇದು ಒಳ್ಳೆಯ ಜೋಡಿ ಎಂದು ಅನಿಸಬೇಕಿತ್ತು. ಹಾಗೆ ಅನಿಸದಿರುವುದಕ್ಕೆ ಕಾರಣ ನಾನು.

ಎರಡು ವರ್ಷದ ಹಿಂದೆ, ಅಂಗಡಿ ತೆರೆದ ಹೊಸತರಲ್ಲಿ, ಗೊಬ್ಬರದ ಅಂಗಡಿಯ ಭಗವಂತರಾಯರ ಕಾರಿಗೆ ಅಪ್ಪ ಬಣ್ಣ ಹೊಡೆದಿದ್ದ. ಹದಿನೆಂಟನೆಯ ದಿನಕ್ಕೇ ಫಿಲ್ಮು ಹಚ್ಚು ಎಂದು ಅವರು ಗಂಟು ಬಿದ್ದರು. ಅಪ್ಪ ಆಗ ಒಂದೇ ಮಾತು ಹೇಳಿದ್ದ: "ಬಟ್ಟಲ ಇಟ್ಟು ನೋಡು."

ಬಟ್ಟಲಿಡುವುದು ಅವನ ಪದ್ಧತಿ. ಅಂಚಿಗೆ ಹಳೆ ಧೋತರದ ಪಟ್ಟಿ ಸುತ್ತಿದ ಒಂದು ಸ್ಟೀಲ್ ಬಟ್ಟಲನ್ನು ಬಣ್ಣದ ಮೇಲೆ ಬೋರಲು ಹಾಕಿ ಒಂದು ತಾಸು ಬಿಡುವುದು. ಆಮೇಲೆ ಎತ್ತಿ, ಒಳಗೆ ಮೂಗು ಹಾಕಿ ನೋಡುವುದು. ತಿನ್ನರ್ ವಾಸನೆ ಬಂದರೆ ಬಣ್ಣ ಇನ್ನೂ ಹಸಿ. ನಾನು ಹೈದರಾಬಾದಿನಲ್ಲಿ ಆರು ವರ್ಷ ಇದ್ದು ಬಂದವನು. ಬಟ್ಟಲು ನೋಡಿ ನಕ್ಕೆ. ಫಿಲ್ಮು ಅಂಟಿಸಿದೆ.

ನಾಲ್ಕು ತಿಂಗಳಿಗೆ ಬಾಗಿಲ ತುಂಬ ಗುಳ್ಳೆ. ಹಾಳೆ ಕಿತ್ತಾಗ ಬಣ್ಣ ಅದರ ಜೊತೆ ಅಗಲವಾಗಿ ಎದ್ದು ಬಂತು, ತತ್ತಿಯ ಸಿಪ್ಪೆಯೊಳಗಿನ ಪೊರೆಯ ಹಾಗೆ. ಭಗವಂತರಾಯರು, ಅವರ ಇಬ್ಬರು ಗಿರಾಕಿಗಳು, ಚಹಾ ತಂದವನು ಎಲ್ಲ ನಿಂತು ನೋಡುತ್ತಿದ್ದರು. "ತಪ್ಪು ಯಾರದು ಇದು?" ಎಂದು ಅವರು ಕೇಳಿದರು.

"ಬಣ್ಣ ಹಿಡಿದಿಲ್ರಿ," ಎಂದೆ.

ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ಬಣ್ಣ ಹಿಡಿದಿರಲಿಲ್ಲ, ಎಲ್ಲರ ಕಣ್ಣೆದುರಿಗೇ ಅದು ನನ್ನ ಕೈಯಲ್ಲಿ ಜೋತಾಡುತ್ತಿತ್ತು. ಮಾನಪ್ಪನ ಬಣ್ಣ ಸುಲಿಯುತ್ತದೆ ಎಂಬ ಮಾತು ಗೊಬ್ಬರದ ಚೀಲಗಳ ಜೊತೆ ತಾಲೂಕಿನ ಹಳ್ಳಿಹಳ್ಳಿಗೂ ಹೋಯಿತು. ಅಂದಿನಿಂದ ಅಪ್ಪನ ಶೆಡ್ಡಿಗೆ ಕಾರು ಬರಲಿಲ್ಲ. ಟ್ರಾಲಿ ಬಂದವು, ಕಿರಾಣಿ ಅಂಗಡಿಯ ಬೋರ್ಡು ಬಂದವು. ಅಪ್ಪ ನನಗೆ ಏನೂ ಅನ್ನಲಿಲ್ಲ. ತಪ್ಪು ಯಾರದೆಂದು ಅವನಿಗೆ ಗೊತ್ತಿಲ್ಲ ಎಂದೇ ನಾನು ತಿಳಿದುಕೊಂಡೆ. ಹಾಗೆ ತಿಳಿದುಕೊಳ್ಳುವುದು ಸುಲಭವಿತ್ತು.

ಆಪಾ ಕಾರು ತಂದಾಗಲೂ ಆ ಮಾತು ಅವರ ಜೊತೆಗೇ ಬಂದಿತ್ತು. "ನಿಮ್ಮಪ್ಪನ ಬಣ್ಣ ಸುಲಿತದಂತ ಮಂದಿ ಹೇಳ್ತಾರ. ಆದ್ರ ನಮ್ಮ ಸ್ಕೂಲಿನ ಬೋರ್ಡ್ ಬರ್ದು ಇಪ್ಪತ್ತೆಂಟ್ ವರ್ಷಾತು, ಒಂದ್ ಅಕ್ಷರ ಉದುರಿಲ್ಲ. ನಾ ಬೋರ್ಡ್ ನಂಬಲೋ, ಮಂದಿನ್ನ ನಂಬಲೋ?" ಎಂದು ಅಪ್ಪನ ಎದುರಿಗೇ ನನ್ನನ್ನು ಕೇಳಿದ್ದರು.

"ಅದೊಂದೇ ಗಾಡಿ ಹಂಗಾಗಿತ್ರಿ ಆಪಾ," ಎಂದೆ. ಅಪ್ಪ ಬಣ್ಣ ಕಲಸುತ್ತಿದ್ದ. ತಲೆ ಎತ್ತಲಿಲ್ಲ.

ಎರಡು ವರ್ಷದಲ್ಲಿ ಅವನಿಗೆ ಬಂದ ಮೊದಲ ಕಾರು ಅದು. ಇದೂ ಕೆಟ್ಟರೆ ಮುಂದೆ ಯಾವ ಕಾರೂ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ. ಜೂನ್ ಹತ್ತೊಂಬತ್ತಕ್ಕೆ ಕೊನೆಯ ಕೋಟು ಮುಗಿಯಿತು. ಅಷ್ಟು ಚೆಂದದ ಕೆಲಸವನ್ನು ನಾನು ಹೈದರಾಬಾದಿನಲ್ಲೂ ನೋಡಿರಲಿಲ್ಲ. ತಗಡಿನ ಸಂದಿಯಿಂದ ಬಂದ ಬೆಳಕಿನ ಗೆರೆ ಆ ನೀಲಿಯಲ್ಲಿ ಎಲ್ಲೂ ಮುರಿಯದೆ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ಜುಲೈ ಇಪ್ಪತ್ತೊಂಬತ್ತಕ್ಕೆ ಫಿಲ್ಮು, ಮೂವತ್ತಕ್ಕೆ ಕಾರು ನಿಮ್ಮ ಕೈಗೆ ಎಂದು ಆಪಾಗೆ ಹೇಳಿದೆ. ಮನೆಯಲ್ಲಿ ತಮ್ಮನ ಬೇರೆ ಆಡುಗಳು ಇನ್ನೂ ಉಳಿದಿದ್ದರಿಂದ ಕಾರು ಶೆಡ್ಡಿನಲ್ಲೇ ನಿಂತಿತು.

ಪ್ರತಿ ಭಾನುವಾರ ಅವರು ಬಸ್ಸು ಹತ್ತಿ ಬರುತ್ತಿದ್ದರು. ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಕೂತು, ಮುಟ್ಟಬಾರದ ತಮ್ಮ ಕಾರನ್ನು ನೋಡುತ್ತ, ನಮಗೂ ತಂದ ಚಹಾ ಕುಡಿಯುತ್ತಿದ್ದರು.

"ನೀರು ಹಾಕಬ್ಯಾಡ, ಅರಿವಿ ಹೊದಸಬ್ಯಾಡ, ಯಾರೂ ಮುಟ್ಟಬ್ಯಾಡ್ರಿ, ನಲವತ್ ದಿನ. ಏನಪ್ಪಾ ಇದು, ಬಾಣಂತಿಗೆ ಚಿಲ್ಲಾ ಇದ್ದಂಗಾತು."

"ಹಂಗೇ ಅನ್ಕೋರಿ."

"ಬಾಣಂತಿಗರ ಕೂಸು ಇರ್ತದ. ಇದು ಏನ್ ಹಡದದ?"

"ನನಗ ಕೆಲಸ ಹಡದದ್ರಿ," ಎಂದ ಅಪ್ಪ. ಬಹಳ ದಿನಗಳ ಮೇಲೆ ಅವನು ತಮಾಷೆ ಮಾಡಿದ್ದ. ಆಪಾ ಚಹಾ ಚೆಲ್ಲಿಕೊಂಡು ನಕ್ಕರು.

ಉಳಿದ ದಿನಗಳಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ. ನಾನು ಅಂಗಡಿಯ ಶಟರ್ ಎತ್ತುತ್ತಿದ್ದೆ. ಬೈಕಿನ ಟ್ಯಾಂಕಿಗೆ ಸ್ಟಿಕ್ಕರ್, ಟ್ರಾಕ್ಟರಿನ ಗಾಜಿಗೆ ದೇವರ ಹೆಸರು. ಸಂಜೆ ಶೆಡ್ಡಿಗೆ ಹೋಗಿ ಕಾರನ್ನು ಒಂದು ಸುತ್ತು ಹಾಕಿ ಬರುತ್ತಿದ್ದೆ. ಕಣ್ಣಿಗೆ ಕಾಣದ ಏನೋ ಒಂದು ಅದರ ಮೈಯಿಂದ ಹೊರಗೆ ಹೋಗುತ್ತಿದೆ, ಅದನ್ನು ಅವಸರ ಮಾಡಲು ಬರುವುದಿಲ್ಲ, ಸಹಾಯ ಮಾಡಲೂ ಬರುವುದಿಲ್ಲ. ಜುಲೈ ಒಂಬತ್ತರಂದು ಮಾತ್ರ ಯಾದಗಿರಿಗೆ ಹೋಗಿದ್ದೆ. ರೈಲಿನಲ್ಲಿ ಫಿಲ್ಮಿನ ರೋಲು ಬರುವುದಿತ್ತು. ಪಾರ್ಸೆಲ್ ಕಿಟಕಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ನಿಂತು, ಕೂತು, ಮತ್ತೆ ನಿಂತು, ಅದನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ರೋಲಿನ ಡಬ್ಬಿಯನ್ನು ಶೆಡ್ಡಿನ ಮೂಲೆಯಲ್ಲಿ ಇಟ್ಟೆ. ಅಪ್ಪ ಆವತ್ತು ಮುಂಚೆಯೇ ಮಲಗಿಬಿಟ್ಟಿದ್ದ. ನನಗೆ ಅದು ವಿಶೇಷ ಅನಿಸಲಿಲ್ಲ.

ಇಪ್ಪತ್ತನಾಲ್ಕಕ್ಕೆ ನಾಗರ ಅಮಾವಾಸ್ಯೆ.

ಅಮಾವಾಸ್ಯೆಯ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ತಿಂಥಣಿ ಮೌನಪ್ಪನ ಫೋಟೊಕ್ಕೆ ಕೈ ಮುಗಿದು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಶೆಡ್ಡಿನಲ್ಲಿ ನಿಂತ ಪ್ರತಿಯೊಂದು ಗಾಡಿಗೂ ಮೂರು ಬೆರಳಿನ ಮೂರು ಗೆರೆ ಎಳೆಯುತ್ತಾನೆ. ಗಾಡಿ ಯಾರದು ಎಂದು ನೋಡುವುದಿಲ್ಲ. ಮರುದಿನ ಸೂರ್ಯ ಹುಟ್ಟಿದ ಮೇಲೆಯೇ ಅದನ್ನು ಒರೆಸುವುದು. ನಲವತ್ತು ವರ್ಷದಲ್ಲಿ ಒಂದು ಅಮಾವಾಸ್ಯೆ ತಪ್ಪಿಸಿದವನಲ್ಲ. ಅವ್ವ ತೀರಿಕೊಂಡ ತಿಂಗಳಲ್ಲೂ ಪಕ್ಕದ ಗ್ಯಾರೇಜಿನವನನ್ನು ಕರೆದು ಹಚ್ಚಿಸಿದ್ದ.

ನಾನು ಹೋದಾಗ ಟ್ರಾಲಿಯ ಮೇಲೆ ಮೂರು ಗೆರೆ ಇದ್ದವು. ಕಂಪ್ರೆಸರಿನ ಮೇಲೆ ಇದ್ದವು. ಗೋಡೆಗೆ ಒರಗಿಸಿದ ಅವನ ಹಳೆ ಸೈಕಲ್ಲಿನ ಹ್ಯಾಂಡಲ್ಲಿಗೂ ಇದ್ದವು. ಆಪಾನ ಕಾರಿನ ಮೇಲೆ ಇರಲಿಲ್ಲ.

"ಯಪ್ಪಾ, ಇದಕ್ಕ ಹಚ್ಚಿಲ್ಲಲ್ಲ?"

"ಮರ್ತೆ."

"ಸೈಕಲ್ ನೆನಪಿತ್ತು, ಕಾರು ಮರ್ತಿ?"

ಅವನು ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಅವು ತೊಳೆದಿಟ್ಟ ಬ್ರಶ್ಶುಗಳೇ. ಮತ್ತೆ ತೊಳೆಯುತ್ತಿದ್ದ.

ಮೂಲೆಯ ಹಲಗೆಯ ಮೇಲೆ ಆ ಬಟ್ಟಲು ಇತ್ತು. ಅದನ್ನು ತೆಗೆದು ಮೊದಲು ಟಾಪಿನ ಮೇಲೆ ಬೋರಲು ಹಾಕಿದೆ. ತಗಡಿನ ಕೆಳಗೆ ಕೂತು ಒಂದು ತಾಸು ಕಾದೆ. ಅಪ್ಪ ನೋಡಿಯೂ ನೋಡದವನಂತೆ ಇದ್ದ. ಎತ್ತಿ ಮೂಗು ಹಾಕಿದೆ. ಸ್ಟೀಲಿನ ವಾಸನೆ, ಧೋತರದ ವಾಸನೆ. ಅಷ್ಟೇ. ಆಮೇಲೆ ಬಾನೆಟ್ಟಿನ ಮೇಲೆ ಹಾಕಿದೆ. ಮತ್ತೆ ಒಂದು ತಾಸು. ಎತ್ತಿದರೆ ತಿನ್ನರ್ ಗಪ್ಪನೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು.

ಒಂದೇ ಕಾರು, ಒಂದೇ ದಿನ ಹೊಡೆದ ಬಣ್ಣ. ಟಾಪು ಒಣಗಿದೆ, ಬಾನೆಟ್ಟು ಹಸಿ ಇದೆ.

"ಯಾವಾಗ ಹೊಡದಿ ಇದನ್ನ?"

"ನೀ ಯಾದಗಿರಿಗ್ ಹೋದ ದಿನ," ಎಂದ ಅಪ್ಪ. ಅವನ ದನಿಯಲ್ಲಿ ಒಂದು ಥರದ ನಿರಾಳ ಇತ್ತು, ಹೊತ್ತ ಮೂಟೆಯನ್ನು ಯಾರೋ ಕೆಳಗಿಳಿಸಿದ ಹಾಗೆ.

ಹೇಳಿದ. ಜೂನಿನ ಅಮಾವಾಸ್ಯೆಯಂದು ರೂಢಿಯಂತೆ ವಿಭೂತಿ ಹಚ್ಚಿದ್ದ. ಬಣ್ಣಕ್ಕೆ ಆಗ ಆರೇ ದಿನ. ಲಾರಿಯ ಬಣ್ಣ ಬೇರೆ, ಅದರ ಮೇಲೆ ವಿಭೂತಿ ಒಂದು ವಾರ ಇದ್ದರೂ ಒದ್ದೆ ಅರಿವೆಗೆ ಬರುತ್ತದೆ. ಈ ಕಾರಿನ ಮೇಲಿನ ಕೋಟು ಇನ್ನೂ ಮೆತ್ತಗಿತ್ತು. ಭಸ್ಮದ ನೀರು ಒಂದು ಹಗಲು, ಒಂದು ರಾತ್ರಿ ಅದರ ಮೇಲೆ ಕೂತಿತು. ಮರುದಿನ ಒರೆಸಿದರೆ ಬೂದಿ ಹೋಯಿತು, ಮೂರು ಗೆರೆ ಉಳಿದವು. ಮೊಸರು ಬಣ್ಣದ ಮೂರು ಗೆರೆ, ಬಾನೆಟ್ಟಿನ ನಟ್ಟನಡುವೆ. ಎರಡು ವಾರ ನನ್ನ ಕಣ್ಣಿಗೆ ಬೀಳದಂತೆ ಅದರ ಮೇಲೆ ಹಳೆ ಪೇಪರ್ ಹಾಸಿಟ್ಟಿದ್ದ. ಧೂಳು ಬೀಳದಿರಲಿ ಎಂದು ಹಾಕಿದ್ದಾನೆ, ಸಡಿಲ ಪೇಪರಿನ ಕೆಳಗೆ ಗಾಳಿ ಆಡುತ್ತದೆ ಎಂದು ನಾನು ಅಂದುಕೊಂಡಿದ್ದೆ. ಪಾಲಿಶ್ ಹಚ್ಚಿ ತಿಕ್ಕಿ ನೋಡಿದ, ಹೋಗಲಿಲ್ಲ. ನಾನು ಯಾದಗಿರಿಗೆ ಹೋದ ದಿನ ಬಾನೆಟ್ಟನ್ನು ಉಜ್ಜಿ, ಮತ್ತೆ ಪೂರ್ತಿ ಬಣ್ಣ ಹೊಡೆದ.

"ಹೇಳಬೇಕಿತ್ತಲ್ಲ ಯಪ್ಪಾ."

"ಏನಂತ ಹೇಳ್ಲಿ? ಮಾನಪ್ಪನ ಬಣ್ಣ ಭಸ್ಮಕ್ಕೂ ತಡಿಯಂಗಿಲ್ಲ ಅಂತೇನು?"

ಹೊರಗೆ ಯಾರೋ ಹತ್ತಿ ಅಂಡಿಗೆ ಉರುಳಿಸುತ್ತಿದ್ದರು. ನಾನು ಲೆಕ್ಕ ಹಾಕಿದೆ. ಇಪ್ಪತ್ತೊಂಬತ್ತಕ್ಕೆ ಬಾನೆಟ್ಟಿಗೆ ಇಪ್ಪತ್ತು ದಿನ ಆಗುತ್ತದೆ. ಭಗವಂತರಾಯರ ಕಾರಿಗೆ ಹದಿನೆಂಟು ಆಗಿತ್ತು.

ಅಪ್ಪನೂ ಅದೇ ಲೆಕ್ಕ ಹಾಕಿರಬೇಕು. "ಅಂಟ್ಸಿಬಿಡು," ಎಂದ. "ಮೂರು ನಾಕ್ ತಿಂಗ್ಳ ತನ ಏನೂ ಕಾಣಂಗಿಲ್ಲ. ಆಕೀಗಿ ಆ ಒಂದ್ ದಿನ ಹೊಳಿಯೋ ಗಾಡಿ ಬೇಕು. ಆ ದಿನ ದಾಟ್ತದ."

"ಆಮ್ಯಾಲ?"

"ಆಮ್ಯಾಲ ಬಣ್ಣ ಹಿಡಿದಿಲ್ಲ ಅಂತ ಹೇಳು. ನಿನಗ ಹೇಳಕ ಬರ್ತದಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ನನಗೆ ಬರುವ ಕೆಲಸಗಳ ಪಟ್ಟಿಯಲ್ಲಿ ಅದೂ ಒಂದು ಎನ್ನುವ ಹಾಗೆ ಹೇಳಿದ. ಬಟ್ಟಲು ನನ್ನ ಕೈಯಲ್ಲೇ ಇತ್ತು. ಅದನ್ನು ಮತ್ತೆ ಹಲಗೆಯ ಮೇಲೆ ಇಟ್ಟೆ.

"ನಿನಗ ಗೊತ್ತಿತ್ತು," ಎಂದೆ.

"ಬಣ್ಣ ಹಾಳಿಗಿ ಅಂಟ್ಕೊಂಡು ಬಂತಂದ್ರ ಹಸೀದಿತ್ತು ಅಂತ ನನಗ ಗೊತ್ತಾಗಲ್ಲೇನು? ಎಷ್ಟ್ ವರ್ಷಾತಪಾ ನಾ ಬಣ್ಣ ಹೊಡ್ಯಾಕತ್ತು?"

"ಮತ್ತ ಯಾಕ ಅನ್ಲಿಲ್ಲ?"

"ನಿಂದು ಹೊಸಾ ಅಂಗಡಿ. ನಂದು ಹೆಂಗೂ ಹಳೀದು."

ಅಂದು ಮಧ್ಯಾಹ್ನ ಭಗವಂತರಾಯರ ಗೊಬ್ಬರದ ಅಂಗಡಿಗೆ ಹೋದೆ. ಎರಡು ವರ್ಷದಿಂದ ಹೊತ್ತುಕೊಂಡ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ತಪ್ಪು ಬಣ್ಣದ್ದಲ್ಲ, ನಾನೇ ಅವಸರ ಮಾಡಿದ್ದು ಎಂದೆ. ಅವರು ಯೂರಿಯಾ ಚೀಲ ಎಣಿಸುತ್ತಿದ್ದರು.

"ಯಾವ ಗಾಡಿ? ಆ ಬಿಳೀದಾ? ಅದನ್ನ ಮಾರಿ ವರ್ಷಾತಲ್ಲೋ," ಎಂದರು. "ಕುಂದ್ರು, ಚಾ ಕುಡಿ. ಹದಿನಾಕು, ಹದಿನೈದು..."

ಕುಡಿದು ಬಂದೆ.

ಭಾನುವಾರ ಆಪಾ ಬಂದರು. ಡಬ್ಬಿಯ ಮೇಲೆ ಕೂತರು. ಕೈಚೀಲದಿಂದ ಥರ್ಮಾಸು ತೆಗೆದರು. ಅಪ್ಪ ಕಂಪ್ರೆಸರಿನ ಹಿಂದೆ ನಿಂತಿದ್ದ, ಗಿರಾಕಿಯ ಹಾಗೆ ಕೈ ಕಟ್ಟಿಕೊಂಡು. ರೋಲು ಬಂದಿಲ್ಲ ಎಂದು ಹೇಳಬಹುದಿತ್ತು. ರೈಲು, ಪಾರ್ಸೆಲ್, ಹೈದರಾಬಾದು. ನಂಬುವಂಥ ಸುಳ್ಳಿಗೆ ಬೇಕಾದ್ದೆಲ್ಲ ಇತ್ತು. ಆದರೆ ರೋಲಿನ ಡಬ್ಬಿ ಅವರ ಪಕ್ಕದಲ್ಲೇ ಇತ್ತು, ಅವರು ಅದರ ಮೇಲೆಯೇ ಥರ್ಮಾಸಿನ ಮುಚ್ಚಳ ಇಟ್ಟಿದ್ದರು.

"ಆಪಾ, ಬಾನೆಟ್ಟಿಗಿ ಮತ್ತ ಬಣ್ಣ ಹೊಡದೀವಿ. ಅದು ಇನ್ನಾ ಹಸೀ ಅದ. ಈಗ ಫಿಲ್ಮ್ ಹಚ್ಚಿದ್ರ ನಾಕ್ ತಿಂಗ್ಳಿಗಿ ಏಳ್ತದ."

"ಮತ್ತ ಯಾಕ ಹೊಡದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ. "ನಾ ಅಮಾಸಿ ದಿನ ಭಸ್ಮ ಹಚ್ಚಿದ್ದೆ ಬಾಯಾರ. ಕಲೆ ಬಿತ್ತು. ತಪ್ಪು ನಂದು."

ಆಪಾ ಕಪ್ಪನ್ನು ಕೆಳಗಿಟ್ಟರು. ಬಾನೆಟ್ಟನ್ನು ನೋಡಿದರು. "ಭಸ್ಮ ಹಚ್ಚಿದ್ದಕ್ಕ ನಾ ಏನೂ ಅನ್ನಂಗಿಲ್ಲ ಮಾನಪ್ಪಾ. ಸ್ಕೂಲ್ ಬೋರ್ಡಿಗೂ ಹಚ್ಚೇ ಕೊಟ್ಟಿದ್ದಿ. ಆದ್ರ ಆವತ್ತೇ ಒರಸ್ಬೇಕಿತ್ತಲ್ಲೋ."

"ಹೌದ್ರಿ."

"ಅಂದ್ರ ಮಂದಿ ಹೇಳೋದು ಖರೇನೇ ಆತು."

ಅಪ್ಪ ಹೂಂ ಅನ್ನಲು ತಲೆ ಆಡಿಸುತ್ತಿದ್ದ. ನನಗೆ ಆ ತಲೆ ಪೂರ್ತಿ ಆಡುವುದನ್ನು ನೋಡಲಾಗಲಿಲ್ಲ.

"ಖರೇ ಅಲ್ರಿ," ಎಂದೆ. "ಭಗವಂತರಾಯರ ಗಾಡಿ ಕೆಡಸಿದಾವ ನಾನು. ನಮ್ಮಪ್ಪ ಬ್ಯಾಡ ಅಂದ. ಬಟ್ಟಲ ಇಟ್ಟು ನೋಡು ಅಂದ. ನಾ ಕೇಳ್ಲಿಲ್ಲ, ಹದಿನೆಂಟ್ ದಿನಕ್ಕ ಅಂಟಸಿದೆ. ಎಲ್ಲಾರ ಮುಂದ ಬಣ್ಣದ ಮ್ಯಾಲ ಹಾಕಿದೆ. ನಮ್ಮಪ್ಪನ ಬಣ್ಣ ಒಂದ್ ಸಲಾನೂ ಸುಲದಿಲ್ಲ."

ಅಪ್ಪ ನನ್ನ ಕಡೆ ನೋಡದೆ ಕಂಪ್ರೆಸರಿನ ಪೈಪು ಸುತ್ತತೊಡಗಿದ.

"ಒಂದ್ ಸಲ ಮಗಂದು, ಒಂದ್ ಸಲ ಅಪ್ಪಂದು," ಎಂದರು ಆಪಾ. "ಸಮಾ ಮಾಡ್ಕೋಳಾಕ ನನ್ನ ಗಾಡೀನೇ ಸಿಕ್ತೇನು ನಿಮಗ?"

ಅವರು ಮಂಡಿ ಹಿಡಿದು ಎದ್ದರು. "ನಾ ಮೂವತ್ತಕ್ಕ ಬರ್ತೀನಿ. ಹಂಗೇ ಒಯ್ತೀನಿ, ಫಿಲ್ಮ್ ಇಲ್ದಂಗ. ಆ ದಿನ ಅಂತೂ ಮುಂದ್ ಹೋಗಂಗಿಲ್ಲ."

ಮೂವತ್ತಕ್ಕೆ ಒಯ್ದರು. ಹೂವಿನ ಹಾರ ಹಾಕಬೇಡಿ, ಟೇಪು ಅಂಟಿಸಬೇಡಿ, ಯಾರೂ ಬಾನೆಟ್ಟಿಗೆ ಒರಗಬಾರದು ಎಂದು ನಾನು ಕಿಟಕಿಯ ಹತ್ತಿರ ಬಾಗಿ ಹೇಳಿದೆ. ಅವರು ಎರಡೂ ಕೈಯಿಂದ ಸ್ಟೇರಿಂಗು ಬಿಗಿಯಾಗಿ ಹಿಡಿದು, ನನ್ನ ಕಡೆ ತಿರುಗದೆ, ಹೂಂ ಹೂಂ ಅಂದರು. ಗೋದಾಮಿನ ತಿರುವಿನಲ್ಲಿ ಒಮ್ಮೆ ಕಾರು ನಿಂತುಹೋಯಿತು. ಮತ್ತೆ ಶುರು ಮಾಡಿಕೊಂಡು ಹೋದರು.

ಆಗಸ್ಟ್ ಎರಡಕ್ಕೆ ಕಾರನ್ನು ಮತ್ತೆ ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

"ಹೆಂಗಾತ್ರಿ ಆಪಾ?"

"ಏನ್ ಹೆಂಗ? ಗೇಟಿನ್ಯಾಗ ಹೋಗಿ ನಿಲ್ಲಿಸಿದೆ. ಇನ್ನೂರ್ ಹುಡಿಗ್ಯಾರು ಒಮ್ಮೆಲೆ ಓಡಿ ಬಂದ್ರು. ಮುಟ್ಟಬ್ಯಾಡ್ರಿ, ದೂರ ಸರೀರಿ, ಮುಟ್ಟಬ್ಯಾಡ್ರಿ ಅಂತ ಒದರಿ ಒದರಿ ಗಂಟ್ಲ ಹೋತು. ಭಾಷಣಕ್ಕ ದನೀನೇ ಇರಲಿಲ್ಲ." ಅವರು ಚಾವಿಯನ್ನು ಅಪ್ಪನ ಕೈಗೆ ಕೊಟ್ಟರು. "ಮೂವತ್ತೈದು ವರ್ಷ ಬೈದಿದ್ದು ಸಾಲ್ಲಿಲ್ಲ ಅಂತ ಕಡೀ ದಿನಾನೂ ಬೈದು ಬಂದೀನಿ."

ಅವರು ಮಾತು ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸಲ್ಲ. ನಾನು ಹೇಳಿದ್ದು ಸುರಪುರದ ಬಸ್ಸಿನಲ್ಲಿ, ಶಾಲೆಯಲ್ಲಿ, ತಮ್ಮನ ಮನೆಯಲ್ಲಿ ಎಲ್ಲ ಕಡೆ ಹೋಯಿತು. ಎರಡನೆಯ ವಾರಕ್ಕೆ ಅಪ್ಪನ ಶೆಡ್ಡಿಗೆ ಒಂದು ಜೀಪು ಬಂತು, ಅದರ ಹಿಂದೆ ಭೀಮರಾಯನಗುಡಿಯಿಂದ ಒಂದು ಕಾರು. ನನ್ನ ಅಂಗಡಿಗೆ ಫಿಲ್ಮು ಹಚ್ಚಿಸಲು ಬರಬೇಕಾಗಿದ್ದವನು ಫೋನ್ ಮಾಡಿ, ಕಲಬುರಗಿಯಲ್ಲಿ ಮಾಡಿಸಿಕೊಳ್ಳುತ್ತೇನೆ, ಬೇಸರ ಮಾಡಿಕೋಬೇಡ ಎಂದ. ಬೇಸರ ಆಗುವಷ್ಟು ಶಕ್ತಿ ಉಳಿದಿರಲಿಲ್ಲ. ಅಪ್ಪನಿಗೆ ಕೈ ಸಾಲದೆ ಇದ್ದಾಗ ಹೋಗಿ ಉಜ್ಜುವ ಕಾಗದ ಹಿಡಿದು ಜೀಪಿನ ಮೈ ತಿಕ್ಕುತ್ತಿದ್ದೆ. ಒಮ್ಮೆ ಅವನು ನನ್ನ ಕೈ ಹಿಡಿದು, ತಿಕ್ಕುವ ದಿಕ್ಕನ್ನು ತುಸು ತಿರುಗಿಸಿದ.

ಆಗಸ್ಟ್ ಹತ್ತೊಂಬತ್ತಕ್ಕೆ ಬಾನೆಟ್ಟಿಗೆ ನಲವತ್ತು ದಿನ ತುಂಬಿ ಒಂದು ದಿನ ಮೇಲಾಗಿತ್ತು. ಆಪಾ ಈಗ ರಜೆಯ ಮನುಷ್ಯರು, ಮಂಗಳವಾರವೇ ಬಂದರು. ಧೂಳು ಏಳದಿರಲೆಂದು ನಾನು ನೆಲ ಒದ್ದೆ ಮಾಡಿದ್ದೆ, ತಾಡಪತ್ರಿ ಇಳಿಬಿಟ್ಟಿದ್ದೆ, ಡಬ್ಬಿಯಿಂದ ರೋಲು ತೆಗೆದು ಹಲಗೆಯ ಮೇಲೆ ಅಳತೆಗೆ ಬಿಚ್ಚಿದ್ದೆ. ಬಾನೆಟ್ಟಿನ ಮೇಲೆ ಬಟ್ಟಲು ಬೋರಲು ಬಿದ್ದಿತ್ತು. ಒಂದು ತಾಸು ಆದ ಮೇಲೆ ನಾನೇ ಎತ್ತಿ ಮೂಗು ಹಾಕಿದೆ. ನನಗೆ ಯಾವ ವಾಸನೆಯೂ ಬರಲಿಲ್ಲ. ಬಂದ ಹಾಗೂ ಅನಿಸಿತು.

ಬಟ್ಟಲನ್ನು ಅಂಗೈಯಿಂದ ಮುಚ್ಚಿಕೊಂಡು ಹೋಗಿ ಅಪ್ಪನ ಮುಖದ ಮುಂದೆ ಹಿಡಿದೆ. "ಯಪ್ಪಾ, ನೀ ಹೇಳು."

ಅವನು ಜೀಪಿನ ಕೆಲಸ ಬಿಟ್ಟು, ಕೈ ಒರೆಸಿಕೊಂಡು, ಕಣ್ಣು ಮುಚ್ಚಿ ಒಳಗೆ ಮೂಗು ಇಟ್ಟ. ಹೊರಗೆ ಒಂದು ಬಸ್ಸು ಹೋಗಿ ಅದರ ಸದ್ದು ಪೂರ್ತಿ ಅಡಗುವಷ್ಟು ಹೊತ್ತು ಹಾಗೇ ಇದ್ದ. ಆಪಾ ಡಬ್ಬಿಯ ಮೇಲಿನಿಂದ ಅರ್ಧ ಎದ್ದಿದ್ದರು.

"ಇನ್ನಾ ನಾಕ್ ದಿನ," ಎಂದ ಅಪ್ಪ.

ಆಪಾ ಮತ್ತೆ ಕೂತರು. ಥರ್ಮಾಸಿನ ಮುಚ್ಚಳ ತಿರುಗಿಸುತ್ತ, "ನಾಕ್ ದಿನಕ್ಕ ಮತ್ತ ಅಮಾಸಿ ಬರ್ತದ ಮಾನಪ್ಪಾ," ಎಂದರು. "ನಿನ್ನ ಕೈ ಅಷ್ಟ್ ಕಟ್ಕೊಂಡು ಕುಂದ್ರಪ್ಪಾ."

ನಾನು ರೋಲನ್ನು ಸುತ್ತಿ ಡಬ್ಬಿಗೆ ಹಾಕಿದೆ.